ಮಳೆಯಲ್ಲಿ ಬರೆಯುವ ನೋಟ್‌ಬುಕ್: ಸಾವಿರ ಗಜದ ಪಂದ್ಯದಲ್ಲಿ ಬಳಸಿ ನೋಡಿದ ಮೇಲೆ

ರೈಟ್ ಇನ್ ದ ರೇನ್ ಅನ್ನೋ ನೋಟ್‌ಬುಕ್ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಹಳದಿ ರಟ್ಟು, ಮೇಲ್ಗಡೆ ಸ್ಪೈರಲ್, ಒಳಗೆ ಚೌಕಳಿ ಗೆರೆ. ರೈಫಲ್ ಪಂದ್ಯಕ್ಕೆ ಹೋಗುವವರು ಕೋವಿ ಬಗ್ಗೆ, ತೋಟಾ ಬಗ್ಗೆ, ಸ್ಕೋಪ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನೋಟ್‌ಬುಕ್ ಬಗ್ಗೆ ಮಾತಾಡುವವರು ಕಡಿಮೆ. ಈ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬಿಸ್ಲಿ ಅನ್ನೋ ಶೂಟಿಂಗ್ ಮೈದಾನದ ಮಳೆಯಲ್ಲಿ ನನ್ನ ಕೈ ಹಿಡಿದದ್ದು ಮಾತ್ರ ಈ ಪುಸ್ತಕವೇ.

ನಾನು ಕೊಡಗಿನವಳು. ಆರು ವರ್ಷದಿಂದ ಇಂಗ್ಲೆಂಡಿನ ಸರ್ರೆಯಲ್ಲಿ ಕೆಲಸ. ಮನೆಯಲ್ಲಿ ಕೋವಿ ಇತ್ತು. ಕೈಲ್ ಮುಹೂರ್ತಕ್ಕೆ ಅದಕ್ಕೆ ಪೂಜೆ ಆಗುತ್ತಿತ್ತು, ಆಮೇಲೆ ಊರವರೆಲ್ಲ ಸೇರಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದರು. ಹಾಗಾಗಿ ಬಂದೂಕು ನನಗೆ ಹೊಸದಲ್ಲ. ಹೊಸದು ಅಂದರೆ ದೂರ. ತೆಂಗಿನಕಾಯಿ ಕಣ್ಣಿಗೆ ಕಾಣುತ್ತದೆ. ಸಾವಿರ ಗಜ ಅಂದರೆ 914 ಮೀಟರ್. ಅಲ್ಲಿ ಕಾಣುವುದು ಒಂದು ಕಪ್ಪು ಚುಕ್ಕೆ ಅಷ್ಟೆ.

ಬಿಸ್ಲಿ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1859ರಲ್ಲಿ ಶುರುವಾಯಿತು. ಮರುವರ್ಷ ವಿಂಬಲ್ಡನ್ನಿನಲ್ಲಿ ಮೊದಲ ಪಂದ್ಯ. ಮೊದಲ ಗುಂಡು ಹಾರಿಸಿದ್ದು ವಿಕ್ಟೋರಿಯಾ ರಾಣಿ. 1890ರಲ್ಲಿ ಎಲ್ಲವೂ ಬಿಸ್ಲಿಗೆ ಬಂತು. ಈಗಲೂ ಪ್ರತಿ ಜುಲೈನಲ್ಲಿ ಇಲ್ಲಿ ದೊಡ್ಡ ಪಂದ್ಯ ನಡೆಯುತ್ತದೆ. ಅದರ ಮುಖ್ಯ ಬಹುಮಾನದ ಕೊನೆಯ ಸುತ್ತು 900 ಮತ್ತು 1000 ಗಜದಲ್ಲಿ, ಸ್ಟಿಕಲ್‌ಡೌನ್ ಅನ್ನೋ ರೇಂಜಿನಲ್ಲಿ. 1930ರಲ್ಲಿ ಆ ಬಹುಮಾನವನ್ನು ಮೊದಲ ಸಲ ಒಬ್ಬ ಹೆಂಗಸು ಗೆದ್ದರು. ಮಾರ್ಜರಿ ಫಾಸ್ಟರ್ ಅಂತ, ಕೋಳಿ ಸಾಕುತ್ತಿದ್ದವರು. ಸ್ಟಿಕಲ್‌ಡೌನಿನಲ್ಲಿ ಗುಂಡು ಹೊಡೆಯಲು ಮಲಗಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನಾನು ಹೊಡೆಯುವ ಬಗೆಯಲ್ಲಿ ದುರ್ಬೀನು ಇಲ್ಲ. ಕೋವಿಯ ಹಿಂದೆ ಒಂದು ಸಣ್ಣ ತೂತು (ಇದೇ ಸೈಟ್), ಮುಂದೆ ಒಂದು ಬಳೆ. ಎರಡರ ನಡುವೆ ಆ ಕಪ್ಪು ಚುಕ್ಕೆ ಕೂರಿಸಬೇಕು. ನಡುವಿನ ಬುಲ್ ಅನ್ನೋ ವೃತ್ತ ಎರಡು ಅಡಿ ಅಗಲ, ಅದಕ್ಕೆ ಐದು ಅಂಕ. ಅದರಿಂದ ಆಚೆ ಹೋದ ಹಾಗೆ ನಾಲ್ಕು, ಮೂರು, ಎರಡು. ಎರಡು ಅಡಿ ಅಂದರೆ ದೊಡ್ಡದೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಗುಂಡು ಅಲ್ಲಿಗೆ ತಲುಪಲು ಒಂದೂವರೆ ಸೆಕೆಂಡು ಬೇಕು. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ ಅಷ್ಟರಲ್ಲಿ ಅದನ್ನು ಏಳು ಅಡಿಗಿಂತ ಜಾಸ್ತಿ ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ಗಾಳಿ ಎಷ್ಟಿದೆ ಅಂತ ಅಂದಾಜು ಮಾಡಿ, ಅಷ್ಟಕ್ಕೆ ಸೈಟನ್ನು ತಿರುಗಿಸಿ ಹೊಡೆಯಬೇಕು. ಈ ತಿರುಗಿಸುವ ಲೆಕ್ಕಕ್ಕೆ ಮಿನಿಟ್ ಅನ್ನುತ್ತೇವೆ. ಸಾವಿರ ಗಜದಲ್ಲಿ ಒಂದು ಮಿನಿಟ್ ಅಂದರೆ ಹತ್ತೂವರೆ ಇಂಚು. ಒಂದೂವರೆ ಮಿನಿಟ್ ತಪ್ಪಿದರೆ ಬುಲ್ ಹೋಯಿತು.

ಗಾಳಿ ತಿಳಿಯುವುದಕ್ಕೆ ರೇಂಜಿನ ಉದ್ದಕ್ಕೂ ಬಾವುಟಗಳಿವೆ. ಬಿಸಿಲಿದ್ದರೆ ಪಕ್ಕದಲ್ಲಿ ಬೇರೆಯಾಗಿ ಇಟ್ಟುಕೊಂಡ ದುರ್ಬೀನಿನಲ್ಲಿ ಬಿಸಿಗಾಳಿ ಅಲೆಅಲೆಯಾಗಿ ಹರಿಯುವುದೂ ಕಾಣುತ್ತದೆ. ಮಳೆಯಲ್ಲಿ ಅದು ಇರುವುದಿಲ್ಲ. ಬಾವುಟ ಒಂದೇ ಗತಿ.

ಹೋದ ವರ್ಷ ಇಂಥದ್ದೇ ಮಳೆಯಲ್ಲಿ ನಾನು ಮಾಮೂಲಿ ನೋಟ್‌ಬುಕ್ಕು, ಜೆಲ್ ಪೆನ್ನು ಇಟ್ಟುಕೊಂಡು ಮಲಗಿದ್ದೆ. ಐದನೇ ಗುಂಡಿನ ಹೊತ್ತಿಗೆ ಹಾಳೆ ನೆನೆದು ಹಪ್ಪಳದ ಹಿಟ್ಟಿನ ಹಾಗಾಯಿತು. ಬರೆದದ್ದೆಲ್ಲ ನೀಲಿ ನೀರು. ಆಮೇಲೆ ನೆನಪಿನ ಮೇಲೆಯೇ ಹೊಡೆದೆ. 900 ಗಜದಲ್ಲಿ 75ಕ್ಕೆ 61. ಬೇಜಾರಾದದ್ದು ಅಂಕಕ್ಕಲ್ಲ. ಎಲ್ಲಿ ತಪ್ಪಿದೆ ಅಂತ ಮನೆಗೆ ಬಂದು ನೋಡೋಣ ಅಂದರೆ ಏನೂ ಉಳಿದಿರಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಒಂದು ವಾಟರ್‌ಪ್ರೂಫ್ ಪುಸ್ತಕ ತರಿಸಿದೆ. ಹಾಳೆ ಒದ್ದೆಯಾಗಲಿಲ್ಲ, ನಿಜ. ಆದರೆ ಒಂದಕ್ಕೊಂದು ಅಂಟಿಕೊಂಡು, ತಣ್ಣಗಾದ ಬೆರಳಲ್ಲಿ ಬಿಡಿಸಲು ಆಗಲೇ ಇಲ್ಲ. ಅದನ್ನು ಈಗ ದಿನಸಿ ಪಟ್ಟಿಗೆ ಬಳಸುತ್ತಿದ್ದೇನೆ.

ರೈಟ್ ಇನ್ ದ ರೇನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನದು. ಆ ಕಡೆ ಮಳೆ ಜಾಸ್ತಿ, ಕಾಡು ಜಾಸ್ತಿ. ನೂರು ವರ್ಷದ ಹಿಂದೆ ಅಲ್ಲಿನ ಮರ ಕಡಿಯುವ ಕ್ಯಾಂಪಿನವರಿಗೆ ಲೆಕ್ಕ ಬರೆದುಕೊಳ್ಳಲು ಅಂತ ಮಾಡಿದ ಕಾಗದ ಇದು. ಪ್ಲಾಸ್ಟಿಕ್ ಅಲ್ಲ, ಕಾಗದವೇ. ಮೇಲೆ ಒಂದು ಲೇಪ ಇದೆ. ತಂದ ದಿನವೇ ಸಿಂಕಿನ ನಲ್ಲಿ ಕೆಳಗೆ ಹಿಡಿದು ನೋಡಿದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲುತ್ತದಲ್ಲ, ಥೇಟ್ ಹಾಗೆ. ಹನಿಹನಿಯಾಗಿ ಉರುಳಿ ಹೋಯಿತು. ಒದ್ದೆ ಹಾಳೆ ಮೇಲೇ ಪೆನ್ಸಿಲ್ಲಿನಲ್ಲಿ ಹೆಸರು ಬರೆದೆ. ಒಣ ಹಾಳೆಯಲ್ಲಿ ಬರೆದದ್ದಕ್ಕಿಂತ ಗೆರೆ ಒಂದು ಚೂರು ತೆಳು, ಅಷ್ಟೆ.

ಇನ್ನು ಪಂದ್ಯದ ದಿನದ ಕಥೆ. ನಮ್ಮ ಕ್ಲಬ್ಬಿನವರಷ್ಟೇ ಸೇರಿದ ಸಣ್ಣ ಪಂದ್ಯ, ಹದಿನೆಂಟು ಜನ. ಮೊದಲು 900 ಗಜ, ಆಮೇಲೆ 1000. ಗುರಿ ಸರಿಪಡಿಸಿಕೊಳ್ಳಲು ಮೊದಲು ಹೊಡೆಯುವ ಸೈಟರ್ ಗುಂಡು ಎರಡೆರಡು, ಆಮೇಲೆ ಅಂಕಕ್ಕೆ ಹದಿನೈದು ಹದಿನೈದು. ಬೆಳಿಗ್ಗೆ ಸಣ್ಣಗೆ ಜಿಟಿಜಿಟಿ ಇತ್ತು. ಎಡಗಡೆಯಿಂದ ಗಾಳಿ. ನನ್ನ ಜೊತೆಗಾರರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಇಲ್ಲಿ ಇಬ್ಬರು ಒಂದೇ ಟಾರ್ಗೆಟ್ಟಿಗೆ ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾರೆ. ಅವರ ಅಂಕ ನಾನು ಬರೆಯಬೇಕು, ನನ್ನದು ಅವರು. ಅವರು ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕಾರ್ಡಿಟ್ಟು, ಕೈಯನ್ನೂ ಒಳಗೆ ತೂರಿಸಿ ಬರೆಯುತ್ತಿದ್ದರು. ಉಸಿರಿಗೆ ಚೀಲ ಮಸುಕಾಗಿ ಒಂದೊಂದು ಸಲ ಏನೂ ಕಾಣುತ್ತಿರಲಿಲ್ಲ.

ನನ್ನ ಪುಸ್ತಕ ಬಲಗೈ ಹತ್ತಿರ, ಬಟಾಬಯಲಲ್ಲಿ. ಪುಟದಲ್ಲಿ ಎರಡು ಕಾಲಮ್ ಮಾಡಿಕೊಂಡಿದ್ದೆ. ಒಂದರ ತಲೆಗೆ 'ಕಂಡದ್ದು', ಇನ್ನೊಂದರ ತಲೆಗೆ 'ಬಂದದ್ದು'. ಬಾವುಟ ನೋಡಿ ನನಗೆ ಎಷ್ಟು ಮಿನಿಟ್ ಅನ್ನಿಸಿತೋ ಅದು ಕಂಡದ್ದು. ಗುಂಡು ಬಿದ್ದ ಮೇಲೆ ಅಲ್ಲಿನವರು ಟಾರ್ಗೆಟ್ ಇಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಾರೆ. ಅದನ್ನು ನೋಡಿ, ನಿಜವಾಗಿ ಎಷ್ಟು ಹಾಕಬೇಕಿತ್ತು ಅಂತ ಲೆಕ್ಕ ಹಾಕಿದರೆ ಅದು ಬಂದದ್ದು. ಪಕ್ಕದಲ್ಲಿ ಪುಟ್ಟ ವೃತ್ತದೊಳಗೆ ಒಂದು ಚುಕ್ಕೆ.

ಮೊದಲ ನಾಲ್ಕು ಗುಂಡು: ಐದು, ಐದು, ನಾಲ್ಕು, ಐದು. ಆಮೇಲೆ ಆಕಾಶ ಕಳಚಿ ಬಿದ್ದ ಹಾಗೆ ಮಳೆ. ಸೈಟಿನ ತೂತು ಒಂದು ಮಿಲಿಮೀಟರ್ ಅಷ್ಟೇ ಇರುತ್ತದೆ. ಅದರೊಳಗೆ ಒಂದು ಹನಿ ಕೂತರೆ ಮುಗಿಯಿತು. ಕಪ್ಪು ಚುಕ್ಕೆ ಕರಗಿ ಬೂದಿ ಬಣ್ಣದ ಮೋಡವಾಗುತ್ತದೆ. ಬಾಯಲ್ಲಿ ಫೂ ಅಂತ ಊದಿ ಹನಿ ಹಾರಿಸಿ, ಮತ್ತೆ ಕೆನ್ನೆ ಊರಿ, ಮತ್ತೆ ಚುಕ್ಕೆ ಹುಡುಕಬೇಕು. ಇದಕ್ಕೆಲ್ಲ ಸಿಗುವುದು 45 ಸೆಕೆಂಡು. ತೋಟಾಗಳನ್ನು ಟವೆಲ್ ಅಡಿಯಲ್ಲಿ ಬೆಚ್ಚಗೆ ಮುಚ್ಚಿಟ್ಟಿದ್ದೆ. ಒದ್ದೆ ತೋಟಾ ಹಾಕಿದರೆ ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮೇಲೆ ಒತ್ತಡ ಜಾಸ್ತಿಯಾಗುತ್ತದೆ, ಬೋಲ್ಟ್ ಬಿಗಿಯುತ್ತದೆ, ಗುಂಡಿನ ಎತ್ತರವೂ ಏರುಪೇರಾಗುತ್ತದೆ.

ಐದನೇ ಗುಂಡು ಬಲಕ್ಕೆ ಹೋಯಿತು. ನಾಲ್ಕು ಅಂಕ. ಆರನೆಯದೂ ಬಲಕ್ಕೆ. ಏಳನೆಯದೂ. ಗಾಬರಿಯಾಯಿತು. ಕೋವಿಯಲ್ಲಿ ಏನಾದರೂ ಸಡಿಲವಾಯಿತಾ? ನಾನೇ ಟ್ರಿಗರನ್ನು ಜೋರಾಗಿ ಜಗ್ಗಿಬಿಡುತ್ತಿದ್ದೇನಾ? ಪುಸ್ತಕ ನೋಡಿದೆ. ಹಾಳೆ ಮೇಲೆ ನೀರು ಹರಿಯುತ್ತಿದೆ, ಅದರ ಕೆಳಗೆ ಅಂಕಿ ಸ್ಪಷ್ಟವಾಗಿವೆ. ಕಂಡದ್ದು 7, ಬಂದದ್ದು ಎಂಟೂವರೆ. ಕಂಡದ್ದು 6, ಬಂದದ್ದು 8. ಕಂಡದ್ದು 8, ಬಂದದ್ದು ಒಂಬತ್ತೂವರೆ.

ನನ್ನ ಅಂದಾಜು ಕೆಟ್ಟಿರಲಿಲ್ಲ. ಪ್ರತಿ ಸಲ ಒಂದೂವರೆಯಿಂದ ಎರಡು ಮಿನಿಟ್ ಕಡಿಮೆ ಬರುತ್ತಿತ್ತು, ಅದೂ ಒಂದೇ ಕಡೆಗೆ. ಆಗ ತಲೆ ಎತ್ತಿ ಬಾವುಟ ನೋಡಿದೆ. ಬಟ್ಟೆ ನೆನೆದು ಭಾರವಾಗಿತ್ತು. ಹಗ್ಗದ ಮೇಲೆ ಒದ್ದೆ ಸೀರೆ ಒಣಗಲು ಹಾಕಿದಾಗ ಗಾಳಿ ಬೀಸಿದರೂ ಅಷ್ಟು ಸುಲಭಕ್ಕೆ ಹಾರುವುದಿಲ್ಲ ನೋಡಿ, ಅದೇ ಕಥೆ. ಅಷ್ಟೇ ಗಾಳಿಗೆ ಒಣ ಬಾವುಟ ಮೇಲೇಳುತ್ತದೆ, ಒದ್ದೆಯದು ಜೋತು ಬಿದ್ದಿರುತ್ತದೆ. ಜೋತು ಬಿದ್ದದ್ದನ್ನು ನೋಡಿ ನಾನು ಗಾಳಿ ಕಡಿಮೆ ಅಂದುಕೊಂಡಿದ್ದೆ. ಈ ಮಾತು ಹಿರಿಯರ ಬಾಯಲ್ಲಿ ಮೊದಲೇ ಕೇಳಿದ್ದೆ. ಆದರೆ ಎಷ್ಟು ಸೇರಿಸಬೇಕು ಅಂತ ಬಾಯಿಮಾತಿನಲ್ಲಿ ಗೊತ್ತಾಗುವುದಿಲ್ಲ. ಆ ದಿನದ ಮಳೆಗೆ, ಆ ಬಾವುಟಕ್ಕೆ, ನನ್ನ ಕಣ್ಣಿಗೆ ಎಷ್ಟು ಅನ್ನುವುದು ಆ ಮೂರು ಸಾಲಿನಲ್ಲಿತ್ತು.

ಅಲ್ಲಿಂದ ಕಂಡದ್ದಕ್ಕೆ ಒಂದೂವರೆ, ಮಳೆ ಜೋರಾದರೆ ಎರಡು ಸೇರಿಸಿದೆ. ಉಳಿದ ಎಂಟು ಗುಂಡಿನಲ್ಲಿ ಏಳು ಬುಲ್. 900 ಗಜದಲ್ಲಿ ಒಟ್ಟು 70. ಸಾವಿರ ಗಜಕ್ಕೆ ಹೋದಾಗ ಅದೇ ಪುಟ ತೆರೆದಿಟ್ಟುಕೊಂಡೆ. ಬಾವುಟ ಒಂಬತ್ತು ಅಂದಿತು, ನಾನು ಹನ್ನೊಂದು ಹಾಕಿದೆ. ಮೊದಲ ಸೈಟರ್ರೇ ಬುಲ್. ಬಿಲ್ಲೆ ನಡುವಲ್ಲಿ ಬೆಳ್ಳಗೆ ಕಂಡಾಗ ಮೈ ಜುಮ್ಮೆಂದಿತು. ಮೇಷ್ಟ್ರು ಚೀಲದೊಳಗಿಂದಲೇ ಹೆಬ್ಬೆರಳು ತೋರಿಸಿದರು.

ಎಂಟನೇ ಗುಂಡಿಗೆ ಮಾತ್ರ ಎರಡೇ ಅಂಕ. ನಾನು ಉಸಿರು ಹಿಡಿದು ಗುರಿ ಇಟ್ಟ ಹೊತ್ತಿನಲ್ಲೇ ಗಾಳಿ ಧೊಪ್ಪನೆ ಬಿದ್ದುಹೋಯಿತು. ಹನ್ನೊಂದು ಹಾಕಿದ್ದೆ, ಇದ್ದದ್ದು ಏಳು. ಗುಂಡು ಎಡಕ್ಕೆ ಮೂರೂವರೆ ಅಡಿ. ಇದಕ್ಕೆ ಯಾವ ಪುಸ್ತಕವೂ ಏನೂ ಮಾಡಲಾರದು. ಟ್ರಿಗರ್ ಎಳೆಯುವ ಮುಂಚೆ ಇನ್ನೊಂದು ಸಲ ಬಾವುಟ ನೋಡಬೇಕಿತ್ತು. ಸಾವಿರ ಗಜದಲ್ಲಿ 67. ಒಟ್ಟಾರೆ ನಾಲ್ಕನೇ ಸ್ಥಾನ ಬಂತು. ಬಿಸಿಲಿನಲ್ಲೂ ನನಗೆ ಅಷ್ಟು ಮೇಲೆ ಬಂದು ಗೊತ್ತಿಲ್ಲ.

ಕೊಳ್ಳುವವರಿಗೆ ಇನ್ನೊಂದಿಷ್ಟು ಹೇಳಬೇಕು. ಜೆಲ್ ಪೆನ್ನು, ಇಂಕ್ ಪೆನ್ನು ಇದಕ್ಕೆ ಆಗುವುದಿಲ್ಲ. ಶಾಯಿ ಹಾಳೆಗೆ ಇಳಿಯದೆ ಮೇಲೇ ನಿಲ್ಲುತ್ತದೆ. ಮಳೆಯಲ್ಲಿ ಬರೆಯುವ ಪೆನ್ನನ್ನು ಕಂಪನಿಯವರೇ ಮಾರುತ್ತಾರೆ. ನಾನು ಮಡಿಕೇರಿಯಿಂದ ತಂದ ಅಪ್ಸರಾ ಪೆನ್ಸಿಲ್ಲನ್ನೇ ದಾರ ಕಟ್ಟಿ ಸ್ಪೈರಲ್ಲಿಗೆ ತೂಗುಹಾಕಿದ್ದೇನೆ. ಗಟ್ಟಿ ಸೀಸ ಬೇಡ, ಮೆತ್ತಗಿನದು ಕಪ್ಪಾಗಿ ಮೂಡುತ್ತದೆ. ಹಾಳೆ ಒದ್ದೆ ಇರುವಾಗ ರಬ್ಬರ್ ಹಚ್ಚಬೇಡಿ, ಮಸಿ ಮಸಿ ಆಗುತ್ತದೆ. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ.

ಪಕ್ಕದಲ್ಲಿ ಸ್ಪೈರಲ್ ಇರುವುದೂ ಸಿಗುತ್ತದೆ. ಮಲಗಿ ಬರೆಯುವವರಿಗೆ ಮೇಲ್ಗಡೆ ಇರುವುದೇ ಸರಿ, ಪುಟವನ್ನು ಒಂದೇ ಬೆರಳಲ್ಲಿ ಹಿಂದಕ್ಕೆ ಮಗುಚಬಹುದು. ನನ್ನದರಲ್ಲಿ ಟಾರ್ಗೆಟ್ ಚಿತ್ರ ಅಚ್ಚಾಗಿಲ್ಲ, ಬರೀ ಚೌಕಳಿ. ಹಿಂದಿನ ರಾತ್ರಿ ಕೂತು ಬಾಟಲಿ ಮುಚ್ಚಳ ಇಟ್ಟು ಮೂವತ್ತನಾಲ್ಕು ವೃತ್ತ ಬರೆದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಲೇಸರ್ ಪ್ರಿಂಟರಿಗೆ ಹಾಕುವ ಬಿಡಿ ಹಾಳೆಯನ್ನೂ ಇದೇ ಕಂಪನಿ ಮಾರುತ್ತದೆ. ಬೆಲೆ ಮಾಮೂಲಿ ಪುಸ್ತಕದ ಕೆಲವು ಪಟ್ಟು. ವರ್ಷಕ್ಕೆ ಎರಡು ಸಲ ಬಿಸಿಲಲ್ಲಿ ಹೊಡೆದು ಬರುವವರಿಗೆ ಸುಮ್ನೆ ಖರ್ಚು. ಮಳೆಗಾಲದಲ್ಲಿ ಹೊರಗೆ ನಿಂತು ಏನಾದರೂ ಬರೆಯಬೇಕಾದವರು ಯಾರೇ ಆಗಲಿ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದು.

ಇದನ್ನು ಅಷ್ಟು ಧೈರ್ಯವಾಗಿ ಹೇಳುವುದಕ್ಕೆ ಅಪ್ಪನೂ ಕಾರಣ. ನಮ್ಮ ಕಡೆ ಕಾಫಿ ತೋಟದವರು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ಇಂಚು, ಸೆಂಟು ಅಂತ ಲೆಕ್ಕ. ಅಪ್ಪನ ಹತ್ತಿರ ನಲವತ್ತು ವರ್ಷದ ಡೈರಿಗಳಿವೆ. ಗಾಳಿಯನ್ನು ಎರಡು ಕಾಲಮ್ಮಿನಲ್ಲಿ ಬರೆದಿಡುವ ಬುದ್ಧಿ ನನಗೆ ಬಂದದ್ದು ಆ ಡೈರಿಗಳಿಂದಲೇ. ಅಪ್ಪ ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡು, ಒಳಗೆ ಬಂದು, ಕೈ ಒರೆಸಿ ಡೈರಿಗೆ ಇಳಿಸುತ್ತಿದ್ದರು. ಜೋರು ಮಳೆ ದಿನ ಅಂಗೈ ಅಂಕಿ ಅಳಿಸಿಹೋಗಿ ಮತ್ತೆ ಅಂಗಳಕ್ಕೆ ಇಳಿಯುತ್ತಿದ್ದರು.

ಜೂನಿನಲ್ಲಿ ಊರಿಗೆ ಹೋದಾಗ ಇಂಥದ್ದೇ ಒಂದು ಪುಸ್ತಕ ಒಯ್ದೆ. ಅಪ್ಪ ತಿರುವಿ ಮುರುವಿ ನೋಡಿದರು. ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೊಡೆಯನ್ನೂ ಬಿಟ್ಟು ಅಂಗಳಕ್ಕೆ ಹೋಗಿ, ಮಳೆಯಲ್ಲೇ ನಿಂತು ಬರೆದರು. ಒಳಗೆ ಬಂದು ಪುಸ್ತಕ ಕೊಡವಿ ನನ್ನ ಕೈಗೆ ಕೊಟ್ಟರು. ಮೊದಲ ಪುಟದ ಮೇಲ್ತುದಿಯಲ್ಲಿ ಅವರ ಗುಂಡು ಅಕ್ಷರ: ಜೂನ್ 19, 1 ಇಂಚು 40 ಸೆಂಟು, ಗಾಳಿ ಜೋರು.