ದಾವಣಗೆರೆ ಪಾಲಿಕೆಯ ಇ-ಖಾತೆ: ಕೌಂಟರಿಗೆ ಹೋಗುವ ಮುಂಚೆ

ಪಾಲಿಕೆಯ ಸೇವೆಗಳಲ್ಲಿ ಸದ್ಯಕ್ಕೆ ಜನ ಹೆಚ್ಚು ಓಡಾಡುತ್ತಿರುವುದು ಇ-ಖಾತೆಗೆ, ಅಂದರೆ ಸ್ವತ್ತಿನ ಮಾಲೀಕರು, ಅಳತೆ, ಕಂದಾಯದ ವಿವರ ಇರುವ ಪಾಲಿಕೆಯ ಡಿಜಿಟಲ್ ದಾಖಲೆಗೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಸೈಟಾಗಲಿ ಮನೆಯಾಗಲಿ ನೋಂದಣಿ ಆಗುವುದಿಲ್ಲ. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವುದೂ ಅದನ್ನೇ. ಮಗಳ ಮದುವೆಗೆಂದು ಸೈಟು ಮಾರಹೊರಟವರಿಗೂ, ಮೇಲೊಂದು ಮಹಡಿ ಎಬ್ಬಿಸಲು ಸಾಲ ಬೇಕಾದವರಿಗೂ ಈ ಹಾಳೆ ಕೈಗೆ ಬರುವವರೆಗೆ ಮುಂದಿನ ಕೆಲಸ ನಿಂತಂತೆಯೇ.

ಸೇವೆ ಹೇಗಿದೆ ಅಂದರೆ, ಕಾಗದಗಳು ಒಂದಕ್ಕೊಂದು ತಾಳೆಯಾದರೆ ಸಲೀಸು. ತಾಳೆಯಾಗದಿದ್ದರೆ ಅರ್ಜಿ ಇದ್ದಲ್ಲೇ ನಿಲ್ಲುತ್ತದೆ. ಹಳೆಯ ಕೈಬರಹದ ಖಾತೆಯಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದರೂ ನಡೆದುಹೋಗುತ್ತಿತ್ತು. ಇಲ್ಲಿ ಕ್ರಯಪತ್ರ, ಋಣಭಾರ ಪತ್ರ (ಇ.ಸಿ.), ಆಧಾರ್, ಕಂದಾಯ ರಶೀದಿ ನಾಲ್ಕೂ ಒಂದೇ ಮಾತು ಹೇಳಬೇಕು. ಆದ್ದರಿಂದ ಇದರ ಮುಕ್ಕಾಲು ಕೆಲಸ ಮನೆಯಲ್ಲಿ, ಕಾಗದಗಳನ್ನು ಚಾಪೆಯ ಮೇಲೆ ಸಾಲಾಗಿ ಹರವಿಕೊಂಡು ಮಾಡುವಂಥದ್ದು.

ಜೊತೆಗೆ ಬೇಕಾದವು ಇಷ್ಟು: ನೋಂದಾಯಿತ ಕ್ರಯಪತ್ರ (ದಾನಪತ್ರ, ವಿಭಾಗಪತ್ರ, ಹಕ್ಕುಪತ್ರ, ನಿಮ್ಮ ಹತ್ತಿರ ಯಾವುದಿದೆಯೋ ಅದು), ಇ.ಸಿ. (ಸ್ವತ್ತಿನ ಮೇಲಿನ ನೋಂದಾಯಿತ ವಹಿವಾಟು, ಅಡಮಾನಗಳ ಪಟ್ಟಿ), ಚಾಲ್ತಿ ವರ್ಷದವರೆಗಿನ ಕಂದಾಯ ರಶೀದಿ, ಮಾಲೀಕರ ಆಧಾರ್ ಮತ್ತು ಫೋಟೊ, ಸ್ವತ್ತಿನ ಫೋಟೊ. ಮನೆ ಇದ್ದರೆ ಬೆಸ್ಕಾಂ ಬಿಲ್ಲು. ಅದರಲ್ಲಿರುವ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ನಂಬರು) ಬೇಕಾಗುತ್ತದೆ. ಬಡಾವಣೆಯಾದರೆ ಅನುಮೋದಿತ ನಕ್ಷೆ ಮತ್ತು ಭೂಪರಿವರ್ತನೆ ಆದೇಶದ ಪ್ರತಿ. ಫೋಟೊ ತೆಗೆಯುವಾಗ ಬಾಗಿಲೊಂದೇ ಬಂದರೆ ಸಾಲದು, ಮನೆಯ ಮುಂಭಾಗ ಪೂರ್ತಿ ಬರಲಿ.

ಇವುಗಳಲ್ಲಿ ಹೆಚ್ಚು ಕೈಕೊಡುವುದು ಇ.ಸಿ. ಕ್ರಯಪತ್ರ ನೋಂದಣಿಯಾದ ದಿನದ ಮಾರನೆಯ ದಿನದಿಂದ ಇ.ಸಿ. ತೆಗೆಸಿದರೆ ನಿಮ್ಮ ಖರೀದಿಯೇ ಅದರಲ್ಲಿ ಇರುವುದಿಲ್ಲ. ನೋಂದಣಿಗೆ ಒಂದು ದಿನ ಮುಂಚಿನಿಂದ ಶುರುಮಾಡಿ ಇವತ್ತಿನವರೆಗೆ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಪಡೆಯಬಹುದಾದದ್ದು 2004ರ ಏಪ್ರಿಲ್‌ನಿಂದ ಈಚಿನ ದಾಖಲೆ. ಅದಕ್ಕೂ ಹಿಂದಿನದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆಯ ಪುಸ್ತಕ ನೋಡಿಸಬೇಕು, ಅದಕ್ಕೆ ಸಮಯ ಬೇಕು. ಬಂದದ್ದು ನಮೂನೆ 16 ಆದರೆ ಆ ಅವಧಿಯಲ್ಲಿ ವಹಿವಾಟೇ ಇಲ್ಲ ಎಂದರ್ಥ. ನೀವು ಕೊಂಡದ್ದು ಕಾಣಬೇಕಾದರೆ ನಮೂನೆ 15 ಬರಬೇಕು. ಬ್ಯಾಂಕಿನ ಸಾಲ ತೀರಿಸಿದ್ದರೂ ಅಡಮಾನ ಬಿಡುಗಡೆ ನೋಂದಣಿ ಮಾಡಿಸದೆ ಇದ್ದವರ ಇ.ಸಿ.ಯಲ್ಲಿ ಹಳೆಯ ಅಡಮಾನ ಹಾಗೇ ಕೂತಿರುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳಿ.

ಹೆಸರಿನದು ಇನ್ನೊಂದು ಪಾಡು. ನಮ್ಮ ಕಡೆ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕ್ರಯಪತ್ರದಲ್ಲಿ ‘ಬಸಪ್ಪ ಬಿನ್ ಹನುಮಂತಪ್ಪ’, ಆಧಾರ್‌ನಲ್ಲಿ ‘ಬಸವರಾಜಪ್ಪ ಎಚ್.’, ಕಂದಾಯ ರಶೀದಿಯಲ್ಲಿ ತೀರಿಹೋದ ತಂದೆಯ ಹೆಸರು. ಇಂಥ ಮೂರು ಕಾಗದ ಹಿಡಿದು ಹೋದರೆ ಮೊದಲೆರಡು ಹೆಸರೂ ಒಬ್ಬರದೇ ಎಂದು ನೀವು ತೋರಿಸಬೇಕು. ಎರಡು ಹೆಸರಿನವರೂ ಒಬ್ಬರೇ ಎನ್ನುವ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿ ಮೊದಲೇ ಲಗತ್ತಿಸಿದರೆ ಒಂದು ಸುತ್ತು ಉಳಿಯುತ್ತದೆ. ಕಂದಾಯದ ದಾಖಲೆ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಎರಡೂ ಬೇಕು. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಒಬ್ಬರ ಹೆಸರಿಗೆ ಮಾತ್ರ ಆಗಬೇಕಿದ್ದರೆ ಉಳಿದವರ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕು. ಮನೆಯೊಳಗೆ ಎಲ್ಲರೂ ಬಾಯಿಮಾತಲ್ಲಿ ಒಪ್ಪಿದ್ದಾರೆ ಅನ್ನುವುದು ಕಡತದಲ್ಲಿ ನಡೆಯುವುದಿಲ್ಲ.

ಅಳತೆಯನ್ನು ಮಾತ್ರ ಯಾರ ಕೈಗೂ ಬಿಡದೆ ನೀವೇ ನೋಡಿ. ಕ್ರಯಪತ್ರ ಅಡಿಯಲ್ಲಿರುತ್ತದೆ, ಇ-ಖಾತೆ ಮೀಟರಿನಲ್ಲಿ. 30×40ರ ಸೈಟು ಅಂದರೆ 1,200 ಚದರಡಿ, ಮೀಟರಿಗೆ ತಿರುಗಿಸಿದರೆ 9.144 × 12.192, ಒಟ್ಟು 111.48 ಚದರ ಮೀಟರ್. ಇ-ಖಾತೆಯ ಕರಡಿನಲ್ಲಿ ಯಾರೋ ಅಂದಾಜಿನಲ್ಲಿ 9.10 × 12.10 ಎಂದು ಬರೆದರೆ 110.11ಕ್ಕೆ ಇಳಿಯುತ್ತದೆ. ಹೋದದ್ದು ಹತ್ತಿರಹತ್ತಿರ 15 ಚದರಡಿ, ಒಂದು ಬಚ್ಚಲಿನ ಅರ್ಧ. ಮುಂದೆ ಕೊಳ್ಳುವವರ ವಕೀಲರು ಎರಡು ಕಾಗದ ಎದುರಿಟ್ಟು ಕೇಳುವ ಮೊದಲ ಪ್ರಶ್ನೆಯೇ ಇದು. ಎರಡನೆಯದು ದಿಕ್ಕು. ಪೂರ್ವ-ಪಶ್ಚಿಮ 30 ಇರುವ ಕಡೆ 40 ಬಿದ್ದರೆ ಒಟ್ಟು ಅಳತೆ ಸರಿಯಾಗೇ ಬರುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಚಕ್ಕುಬಂದಿಯ (ಸುತ್ತಲಿನ ಗಡಿಯ ವಿವರದ) ನಾಲ್ಕೂ ಸಾಲನ್ನು ಕ್ರಯಪತ್ರದ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿ. ಪಕ್ಕದ ಸೈಟಿನ ನಂಬರು, ರಸ್ತೆಯ ಅಗಲ ಎರಡನ್ನೂ ಬಿಡಬೇಡಿ. ಕರಡು ಪ್ರತಿ ಕೊಟ್ಟಾಗ ಗಡಿಬಿಡಿಯಲ್ಲಿ ‘ಸರಿಯಿದೆ’ ಎಂದು ಸಹಿ ಹಾಕಿ ಬಂದವರೇ ಆಮೇಲೆ ತಿದ್ದುಪಡಿ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಊರಿನ ಎಲ್ಲ ಭಾಗಕ್ಕೂ ಈ ಸೇವೆ ಒಂದೇ ರೀತಿ ಒದಗುವುದಿಲ್ಲ. ನಕ್ಷೆ ಹಾಕಿ ಮಾಡಿದ ಬಡಾವಣೆಗಳಲ್ಲಿ, ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ) ಹಂಚಿದ ನಿವೇಶನಗಳಲ್ಲಿ ಸೈಟ್ ನಂಬರು, ಅಳತೆ, ರಸ್ತೆ ಎಲ್ಲ ನಕ್ಷೆಯಲ್ಲೇ ಇರುವುದರಿಂದ ತೊಡಕು ಕಡಿಮೆ. ಕಷ್ಟ ಇರುವುದು ಹಳೇ ಊರಲ್ಲಿ. ದೊಡ್ಡಪೇಟೆ, ಚೌಕಿಪೇಟೆ, ಮಂಡಿಪೇಟೆ, ಹಗೇದಿಬ್ಬದ ಸುತ್ತ ತಲೆತಲಾಂತರದಿಂದ ಬಂದ ಮನೆಗಳಿವೆ. ಎರಡು ಮನೆಗೆ ಒಂದೇ ಗೋಡೆ, ಮೂರು ಮನೆಗೆ ಒಂದೇ ಓಣಿ. ಕ್ರಯಪತ್ರ ಎಂಬುದೇ ಇಲ್ಲದವರೂ ಇದ್ದಾರೆ. ಇಂಥವರು ಪಾಲಿಕೆಯ ಹಳೆಯ ಕಂದಾಯ ವಹಿಯ ನಕಲು, ಸಿಕ್ಕಷ್ಟು ಹಳೆಯ ರಶೀದಿ, ವಿಭಾಗಪತ್ರ ಎಲ್ಲ ಒಟ್ಟುಮಾಡಿಕೊಂಡು ಹೋಗಬೇಕು. ಜಂಟಿ ಗೋಡೆಯ ನಡುವಿನಿಂದ ಅಳೆದದ್ದೋ ಒಳಮೈಯಿಂದ ಅಳೆದದ್ದೋ ಎಂದು ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡರೆ ತಕರಾರು ಬರುವುದಿಲ್ಲ. ಹಳೇ ಊರಿಗೆ ಪ್ರತ್ಯೇಕವಾಗಿ ಅಳತೆಯವರನ್ನೂ ಕೂರಿಸಿ ಓಣಿ ಓಣಿಯಲ್ಲಿ ಶಿಬಿರ ಮಾಡುವುದು ನ್ಯಾಯ. ಹೆಚ್ಚು ಕಾಲದಿಂದ ಕಂದಾಯ ಕಟ್ಟುತ್ತ ಬಂದವರು ಅವರೇ.

ಕಂದಾಯ ನಿವೇಶನಗಳಿಗೆ, ಅಂದರೆ ನಕ್ಷೆಯ ಅನುಮೋದನೆ ಇಲ್ಲದ ಜಾಗಕ್ಕೆ, 2025ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಆಂದೋಲನ ಶುರುಮಾಡಿ ಬಿ-ಖಾತೆ ಕೊಡಲಾಯಿತು. 2024ರ ಸೆಪ್ಟೆಂಬರ್ 10ಕ್ಕೆ ಮುಂಚೆ ನೋಂದಣಿ ಆಗಿರಬೇಕು, ಮೊದಲ ಸಲ ದುಪ್ಪಟ್ಟು ತೆರಿಗೆ, ಆಮೇಲೆ ಮಾಮೂಲಿನಂತೆ. ಬಿ-ಖಾತೆ ಬಂದ ಮಾತ್ರಕ್ಕೆ ಬಡಾವಣೆ ಸಕ್ರಮವಾಯಿತು ಎಂದಲ್ಲ, ಇದನ್ನು ಸೈಟು ಕೊಳ್ಳುವವರು ಚೆನ್ನಾಗಿ ತಿಳಿದಿರಬೇಕು. ಊರಾಚೆಯ ಸೈಟುಗಳಲ್ಲಿ ಕೆಲವು ಗ್ರಾಮ ಪಂಚಾಯಿತಿಗೆ ಸೇರಿರುತ್ತವೆ. ಅವಕ್ಕೆ ಪಾಲಿಕೆಯಲ್ಲಿ ಅರ್ಜಿ ಕೊಟ್ಟು ಉಪಯೋಗವಿಲ್ಲ, ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಪಡೆಯಬೇಕು.

ಅರ್ಜಿ ಕೊಟ್ಟ ದಿನವೇ ಸಕಾಲ (ಗಡುವಿನೊಳಗೆ ಸೇವೆ ಕೊಡಿಸುವ ಸರ್ಕಾರಿ ವ್ಯವಸ್ಥೆ) ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿರುವ ಜಿಎಸ್‌ಸಿ ಸಂಖ್ಯೆ ಇದ್ದರೆ ಅರ್ಜಿ ಯಾರ ಮೇಜಿನಲ್ಲಿದೆ ಎಂದು ವಿಚಾರಿಸಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ, ತಿರಸ್ಕರಿಸಿದರೆ ಮೇಲ್ಮನವಿ ಇದೆ. ಬಿಳಿ ಹಾಳೆಯ ಮೇಲೆ ಸೀಲು ಒತ್ತಿಸಿಕೊಂಡು ಬಂದವರಿಗೆ ಇದ್ಯಾವುದೂ ಸಿಗುವುದಿಲ್ಲ.

ಕಂದಾಯ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ಮುಗಿಯುವವರೆಗೆ ಬಡ್ಡಿ ಇಲ್ಲ, ಜುಲೈನಿಂದ ತಿಂಗಳಿಗೆ ಶೇ 2. ಚಲನ್ ಮೊತ್ತ ಲೆಕ್ಕಕ್ಕಿಂತ ಜಾಸ್ತಿ ಕಂಡು ಗಾಬರಿಯಾಗುವವರು ತೆರಿಗೆಯ ಮೇಲೆ ಬೀಳುವ ಸೆಸ್ಸುಗಳನ್ನು ನೋಡಲಿ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3, ನಗರ ಸಾರಿಗೆಗೆ 2.

ಈ ಸೇವೆಯಲ್ಲಿ ಬೇಗ ಸರಿಯಾಗಬೇಕಾದದ್ದು ಪ್ರಕಟಣೆ. ರಸ್ತೆ, ದೀಪ, ಪಾರ್ಕಿನ ಸುದ್ದಿಯಷ್ಟೇ ವಿವರವಾಗಿ ಇ-ಖಾತೆಯ ಸುದ್ದಿಯೂ ಬರಬೇಕು. ‘ಅಗತ್ಯ ದಾಖಲೆಗಳೊಂದಿಗೆ ಬನ್ನಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೂಲಿ ಬಿಟ್ಟು ಬಂದವರು ಒಂದು ಜೆರಾಕ್ಸ್ ಕಡಿಮೆ ಬಿತ್ತೆಂದು ವಾಪಸು ಹೋಗುತ್ತಾರೆ, ಅವರ ಒಂದು ದಿನದ ದುಡಿಮೆ ಹೋಗುತ್ತದೆ. ದಾಖಲೆಗಳ ಪಟ್ಟಿ, ಇ.ಸಿ. ಯಾವ ದಿನಾಂಕದಿಂದ ಬೇಕು, ಯಾವ ವಾರ್ಡಿಗೆ ಯಾವ ವಲಯ ಕಚೇರಿ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿ ಕಚೇರಿಯ ಬಾಗಿಲಿಗೂ ನ್ಯಾಯಬೆಲೆ ಅಂಗಡಿಗಳಿಗೂ ಅಂಟಿಸಿದರೆ ಸಾಕು. ಬೆಳಿಗ್ಗೆ ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿದರೆ ಓದಲು ಬಾರದ ಅಜ್ಜಿಗೂ ಮುಟ್ಟುತ್ತದೆ.

ಖಾತೆ ಕೈಗೆ ಬಂದ ಮೇಲೆ ಮೊದಲು ಡಿಜಿಟಲ್ ಸಹಿ ಇದೆಯೇ ನೋಡಿ, ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ. ತೆರೆದ ಪುಟದ ಹೆಸರು, ಅಳತೆ, ಪಿಐಡಿ (ಸ್ವತ್ತಿನ ಗುರುತಿನ) ಸಂಖ್ಯೆ ಹಾಳೆಯಲ್ಲಿರುವಂತೆಯೇ ಇರಬೇಕು. ಖಾತೆ ಕಂದಾಯದ ದಾಖಲೆಯೇ ಹೊರತು ಹಕ್ಕಿನ ಪತ್ರವಲ್ಲ, ಹಾಗಾಗಿ ಮೂಲ ಕ್ರಯಪತ್ರವನ್ನು ಜೋಪಾನ ಮಾಡಿ. ತಪ್ಪು ಕಂಡರೆ ಮಾರಾಟದ ಕರಾರಿಗೆ ಕೂರುವ ಮೊದಲೇ ತಿದ್ದಿಸಿ. ನೋಂದಣಿ ಹೊತ್ತಿಗೆ ಕಾವೇರಿ ತಂತ್ರಾಂಶ ವಿವರಗಳನ್ನು ಇ-ಖಾತೆಯಿಂದಲೇ ಎಳೆದುಕೊಳ್ಳುತ್ತದೆ. ಇಲ್ಲಿ ಉಳಿದ ತಪ್ಪು ಕೊಳ್ಳುವವರ ಕ್ರಯಪತ್ರಕ್ಕೂ ಇಳಿಯುತ್ತದೆ, ಆಮೇಲೆ ತಿದ್ದುಪಡಿ ಪತ್ರಕ್ಕೆ ಮತ್ತೆ ನೋಂದಣಿ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಬೇಕು.