ಆಕಾಶಗಂಗೆಯ ಫೋಟೊಗೆ ಯಾವ ಕಡೆ ಹೋಗಬೇಕು: ಮೇಲುಕೋಟೆಯೋ, ಕೆಆರ್‌ಎಸ್ ಹಿನ್ನೀರೋ, ಎಚ್.ಡಿ. ಕೋಟೆಯೋ?

ನಕ್ಷತ್ರದ ಫೋಟೊ ತೆಗೆಯೋಕೆ ಎಲ್ಲಿಗೆ ಹೋಗೋಣ ಅಂತ ಮೈಸೂರಲ್ಲಿ ಕೇಳಿದರೆ "ಊರಿಂದ ದೂರ ಹೋಗಿ" ಅಂತಾರೆ. ಅದು ಅರ್ಧ ಉತ್ತರ ಅಷ್ಟೇ. ಊರು ಎಷ್ಟು ದೂರ ಇದೆ ಅನ್ನುವುದಕ್ಕಿಂತ ಯಾವ ದಿಕ್ಕಿಗೆ ಇದೆ ಅನ್ನುವುದೇ ಮುಖ್ಯ.

ಯಾಕೆ ಅಂದರೆ ನಮಗೆ ಬೇಕಾದ್ದು ದಕ್ಷಿಣದಲ್ಲಿದೆ. ಆಕಾಶಗಂಗೆಯ ದಟ್ಟ ಭಾಗ ಇರುವುದು ವೃಶ್ಚಿಕ ಮತ್ತು ಧನುಸ್ಸಿನ ಕಡೆ. ಮೈಸೂರಿಗೆ ಅದು ದಿಗಂತದಿಂದ ಸುಮಾರು 49 ಡಿಗ್ರಿ ಮೇಲೆ ಬರುತ್ತದೆ, ಅಂದರೆ ಅರ್ಧ ಆಕಾಶ. ಲಂಡನ್ನಿನವರಿಗೆ 10 ಡಿಗ್ರಿಯೂ ಸಿಗುವುದಿಲ್ಲ. ಎಂಥ ಭಾಗ್ಯ ನಮ್ಮದು! ಆದರೆ ಅದು ರಾತ್ರಿಯಿಡೀ ಕಾಣುವ ಜೂನ್, ಜುಲೈನಲ್ಲಿ ಇಲ್ಲಿ ಮೋಡ. ಹಾಗಾಗಿ ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವವೇ ಗಟ್ಟಿ.

ಮೂರೂ ಕಡೆ ನಾನು ಬಳಸಿದ್ದು ಒಂದೇ ಕ್ಯಾಮೆರಾ, ಅದರ ಜೊತೆಗೆ ಬಂದ 18-55 ಲೆನ್ಸ್, ಒಂದು ಟ್ರೈಪಾಡ್. 18 ಎಂಎಂ, ಎಫ್ 3.5 (ಲೆನ್ಸ್ ಎಷ್ಟು ತೆರೆದಿದೆ ಅನ್ನುವುದು), ಐಎಸ್‌ಒ 3200 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು), 15 ಸೆಕೆಂಡು. ಇನ್ನೂ ಜಾಸ್ತಿ ಹೊತ್ತು ಬಿಟ್ಟರೆ ಭೂಮಿ ತಿರುಗುವುದು ಫೋಟೊದಲ್ಲಿ ಕಾಣುತ್ತದೆ, ಚುಕ್ಕಿ ಗೆರೆಯಾಗುತ್ತದೆ.

ಮೇಲುಕೋಟೆಯಲ್ಲಿ ಬರಿಗಣ್ಣಿಗೆ ಆಕಾಶ ಚೆನ್ನಾಗಿದೆ. ಬಂಡೆಯ ಮೇಲೆ ಮಲಗಿ ನೋಡುತ್ತಿದ್ದರೆ ಏಳೋಕೆ ಮನಸ್ಸಾಗುವುದಿಲ್ಲ. ಆದರೆ ಅಲ್ಲಿಂದ ಮೈಸೂರು ನೇರ ದಕ್ಷಿಣಕ್ಕಿದೆ, ನಡುವೆ ಪಾಂಡವಪುರ, ಶ್ರೀರಂಗಪಟ್ಟಣ. ಆ ಊರುಗಳ ದೀಪದ ಬೆಳಕಿಗೆ ಫೋಟೊದ ಕೆಳಗಿನ ಭಾಗ ಪೂರ್ತಿ ಕಿತ್ತಳೆ ಬಣ್ಣ. ಕಬ್ಬಿನ ತರಗಿಗೆ ಬೆಂಕಿ ಹಾಕಿದ ದಿನ ಹೊಗೆ ಬೇರೆ. ಮೇಲುಕೋಟೆ ಗೆಲ್ಲುವುದು ಉತ್ತರಕ್ಕೆ ತಿರುಗಿದಾಗ. ಧ್ರುವ ನಕ್ಷತ್ರ ನಮಗೆ 12, 13 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಬಂಡೆಯನ್ನೂ ಅದನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ಒಂದು ಗಂಟೆ ಬಿಡದೆ ಫೋಟೊ ತೆಗೆದು ಜೋಡಿಸಿ, ಒಂದೊಂದು ನಕ್ಷತ್ರವೂ 15 ಡಿಗ್ರಿ ಬಳೆಯ ತುಂಡು ಬರೆದಿರುತ್ತದೆ.

ಕೆಆರ್‌ಎಸ್ ಹಿನ್ನೀರು, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆ: ಜಾಗ ತುಂಬಾ ಚೆಂದ, ಈ ಕೆಲಸಕ್ಕೆ ಆಗಲ್ಲ. ಮಾರ್ಚ್‌ನಲ್ಲಿ ಆಕಾಶಗಂಗೆ ಏಳುವುದು ಆಗ್ನೇಯದಲ್ಲಿ. ಮೈಸೂರಿನ ಬೆಳಕು ಇರುವುದೂ ಅಲ್ಲೇ. ನೀರಿನ ಪಕ್ಕ ಲೆನ್ಸ್ ಮೇಲೆ ಇಬ್ಬನಿಯೂ ಕೂರುತ್ತದೆ. ಸಂಜೆಯ ಶುಕ್ರ ನೀರಲ್ಲಿ ಹೊಳೆಯುವ ಫೋಟೊ ಬೇಕಾದರೆ ಹೋಗಿ.

ಎಚ್.ಡಿ. ಕೋಟೆಯ ಕಬಿನಿ ಕಡೆ ಲೆಕ್ಕವೇ ಬೇರೆ. ಮೈಸೂರು ಈಶಾನ್ಯಕ್ಕೆ, ಅಂದರೆ ಬೆನ್ನ ಹಿಂದೆ. ಎದುರಿಗೆ ಬಂಡೀಪುರದ ಕಾಡು, ದೀಪವೇ ಇಲ್ಲ. ಪರಿಚಯದವರ ತೋಟದ ಮನೆಯ ಅಂಗಳದಲ್ಲಿ ಟ್ರೈಪಾಡ್ ಊರಿ, ಕೆಂಪಗಿನ ಜ್ಯೇಷ್ಠಾ ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ, ಆ ಮಬ್ಬು ಬಿಲ್ಲೆ ಸಣ್ಣ ಚುಕ್ಕಿಯಾಗುವ ತನಕ ಫೋಕಸ್ ರಿಂಗ್ ಮೆಲ್ಲಗೆ ತಿರುಗಿಸಿದೆ. ಮೊದಲ ಫೋಟೊದಲ್ಲೇ ಆಕಾಶಗಂಗೆಯನ್ನು ಸೀಳುವ ಕಪ್ಪು ಪಟ್ಟಿಗಳು ಬಂದವು. ಅವು ಖಾಲಿ ಜಾಗವಲ್ಲ, ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವ ಧೂಳಿನ ಮೋಡಗಳು. ತಲೆ ಎತ್ತಿದರೆ ಬರಿಗಣ್ಣಿಗೂ ಕಾಣುತ್ತಿದ್ದವು! ಏಪ್ರಿಲ್‌ನಲ್ಲಿ ನಡುರಾತ್ರಿಗೇ ಎದ್ದರೆ ದಕ್ಷಿಣದಲ್ಲಿ ಮರಗಳ ಮೇಲೆ ತ್ರಿಶಂಕು ನಕ್ಷತ್ರಪುಂಜವೂ ಸಿಗುತ್ತದೆ. ನನ್ನ ಮತ ಎಚ್.ಡಿ. ಕೋಟೆಗೇ.

ಒಂದು ಎಚ್ಚರಿಕೆ: ಅದು ಆನೆ ಓಡಾಡುವ ಜಾಗ. ರಾತ್ರಿ ರಸ್ತೆ ಬದಿ, ಹಿನ್ನೀರಿನ ದಡದಲ್ಲಿ ಸುಮ್ನೆ ನಿಲ್ಲಲೇಬೇಡಿ. ಗೊತ್ತಿರುವವರ ಮನೆಯಲ್ಲೇ ಉಳಿದುಕೊಳ್ಳಿ.

ಅಮಾವಾಸ್ಯೆಯೇ ಆಗಬೇಕು ಅಂತಿಲ್ಲ. ಶುಕ್ಲಪಕ್ಷದ ಅಷ್ಟಮಿಯವರೆಗೂ ಬೆಳಗಿನ ಜಾವಕ್ಕೆ ಚಂದ್ರ ಮುಳುಗಿರುತ್ತಾನೆ. ಇನ್ನು, ಮಕ್ಕಳಿಗೆ ಗುರುವಿನ ಚಂದ್ರಗಳನ್ನು ತೋರಿಸುವುದಷ್ಟೇ ಆಸೆ ಅಂದರೆ ಇಷ್ಟು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮನೆ ತಾರಸಿ, ಒಂದು ಬೈನಾಕ್ಯುಲರ್ ಸಾಕು.