ಟ್ರೆಟಿನಾಯಿನ್ ಮೈಕ್ರೋಸ್ಫಿಯರ್ ಜೆಲ್ (0.04%): ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುವುದೇ ಇದರ ಗುಣ

ಮೊಡವೆಗೆ ಟ್ರೆಟಿನಾಯಿನ್ ಹಳೆಯ ಮದ್ದು. ‘ಎ’ ಜೀವಸತ್ವದ ಒಂದು ರೂಪವಾದ ಇದು ರೋಮಕೂಪದೊಳಗಿನ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಟ್ಟುವುದನ್ನು ತಡೆಯುತ್ತದೆ. ಆದರೆ ಮಾಮೂಲಿ ಕ್ರೀಮನ್ನು ಹಚ್ಚಿದವರಿಗೆ ಮೊದಲ ವಾರಗಳಲ್ಲಿ ಗುಣಕ್ಕಿಂತ ಮುಂಚೆ ಕಾಣಿಸುವುದು ಉರಿ, ಕೆಂಪು ಮತ್ತು ಮೂಗಿನ ಇಕ್ಕೆಲಗಳಲ್ಲಿ ಏಳುವ ಸಿಪ್ಪೆ. ಇದೇ ಕಾರಣಕ್ಕೆ ಕ್ರೀಮನ್ನು ಅರ್ಧಕ್ಕೇ ನಿಲ್ಲಿಸಿದ್ದ ನನಗೆ ಚರ್ಮವೈದ್ಯರು ಮೈಕ್ರೋಸ್ಫಿಯರ್ ಜೆಲ್, ಅಂದರೆ ಅದೇ ಔಷಧಿಯನ್ನು ಸೂಕ್ಷ್ಮ ಗೋಳಾಕಾರದ ಕಣಗಳಲ್ಲಿ ತುಂಬಿದ ಜೆಲ್, ಬರೆದುಕೊಟ್ಟರು.

ಹೆಸರಿನಲ್ಲಿ ‘ಮೈಕ್ರೋ’ ಇರುವುದರಿಂದ ಈ ಕಣಗಳು ಔಷಧಿಯನ್ನು ಹೊತ್ತುಕೊಂಡು ಚರ್ಮದ ಆಳಕ್ಕೆ ಇಳಿಯುತ್ತವೆಂದು ಔಷಧಿ ಅಂಗಡಿಯವರು ಹೇಳಿದರು. ವಾಸ್ತವ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಚರ್ಮದ ಹೊರಪದರವು ಸಾಮಾನ್ಯವಾಗಿ 500ಕ್ಕಿಂತ ಕಡಿಮೆ ಅಣುತೂಕದ ವಸ್ತುಗಳನ್ನಷ್ಟೇ ಒಳಗೆ ಬಿಡುತ್ತದೆ. ಟ್ರೆಟಿನಾಯಿನ್‌ನ ಅಣುತೂಕ ಸುಮಾರು 300, ಆದ್ದರಿಂದ ಒಳಹೋಗಲು ಅದಕ್ಕೆ ಯಾರ ಹೆಗಲೂ ಬೇಕಿಲ್ಲ. ತೊಂದರೆ ಇರುವುದು ಅದು ಒಂದೇ ಸಲಕ್ಕೆ ನುಗ್ಗುವುದರಲ್ಲಿ. ಅಕ್ರಿಲಿಕ್ ಪಾಲಿಮರಿನಿಂದ ಮಾಡಿದ, ಮೈತುಂಬ ರಂಧ್ರಗಳಿರುವ ಸೂಕ್ಷ್ಮ ಗೋಳಗಳಲ್ಲಿ ಔಷಧಿಯನ್ನು ಹೀರಿಸಿಟ್ಟರೆ, ಅವು ಚರ್ಮದ ಮೇಲೂ ರೋಮಕೂಪದ ಬಾಯಲ್ಲೂ ಕುಳಿತು ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಸುಮಾರು 10 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳು ಮೇಲೆಯೇ ಉಳಿಯುತ್ತವೆ, 3ರಿಂದ 10 ಮೈಕ್ರೋಮೀಟರಿನವು ರೋಮಕೂಪಗಳಲ್ಲಿ ಸೇರಿಕೊಳ್ಳುತ್ತವೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಮೊಡವೆ ಹುಟ್ಟುವುದೂ ಅಲ್ಲಿಯೇ. ಬೆಳಕಿಗೆ ಬೇಗ ಕೆಡುವ ಟ್ರೆಟಿನಾಯಿನ್‌ಗೆ ಈ ಗೋಳಗಳಿಂದ ಒಂದಿಷ್ಟು ಮರೆಯೂ ಸಿಗುತ್ತದೆ. ಅಮೆರಿಕದಲ್ಲಿ ಈ ಬಗೆಯ 0.1% ಜೆಲ್‌ಗೆ 1997ರಲ್ಲೇ ಒಪ್ಪಿಗೆ ದೊರೆತಿತ್ತು.

ಟ್ಯೂಬಿನಿಂದ ಬರುವ ಜೆಲ್ ಪಾರದರ್ಶಕವಲ್ಲ. ಮಂಕಾದ ತಿಳಿಹಳದಿ ಬಣ್ಣದ್ದು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ಸವರಿದರೆ ಸಾಕು. ಅದರ ಮೇಲೆ ಮಾಯಿಶ್ಚರೈಸರನ್ನು ಆತುರದಿಂದ ಉಜ್ಜಿದರೆ ಬೆರಳಿನಡಿ ಸಣ್ಣ ಸಣ್ಣ ಎಳೆಗಳಾಗಿ ಸುರುಳಿ ಏಳುತ್ತದೆ, ಇದು ಕಿರಿಕಿರಿ. ಉರಿ ಪೂರ್ತಿ ಇಲ್ಲವೆಂದಲ್ಲ, ತುಟಿಯ ಅಂಚಿನಲ್ಲಿ ಚುರುಗುಟ್ಟುತ್ತದೆ. ಆದರೆ ಕ್ರೀಮನ್ನು ಬಿಡಿಸಿದಂತಹ ಉರಿ ಇದಲ್ಲ. ಮೊಡವೆ ಇಳಿಯುವ ವೇಗದಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ: ಇಲ್ಲಿಯೂ ಎರಡು ಮೂರು ತಿಂಗಳು ಕಾಯಲೇಬೇಕು, ಹಗಲು ಸನ್‌ಸ್ಕ್ರೀನ್ ಹಚ್ಚಲೇಬೇಕು.

ಎಣ್ಣೆ ಚರ್ಮವಿದ್ದು ಮಾಮೂಲಿ ಕ್ರೀಮು ತಡೆಯದವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಔಷಧಿ. ಕ್ರೀಮೇ ಒಗ್ಗಿಹೋಗಿರುವವರು ಹೆಚ್ಚು ದುಡ್ಡು ತೆತ್ತು ಇದಕ್ಕೆ ಬದಲಾಗುವ ಅಗತ್ಯ ನನಗೆ ಕಾಣುವುದಿಲ್ಲ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ಎರಡನ್ನೂ ಬಳಸಬಾರದು. ನನ್ನ ದೂರು ಪೆಟ್ಟಿಗೆಯ ಬಗ್ಗೆ: ‘ಮೈಕ್ರೋ’ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ತಯಾರಕರು, ಆ ಕಣಗಳು ಯಾವುದರಿಂದ ಆದವು, ಎಷ್ಟು ದೊಡ್ಡವು ಎಂಬುದನ್ನು ಒಳಗಿನ ಚೀಟಿಯಲ್ಲಿ ಕೂಡ ಒಂದು ಸಾಲಿನಲ್ಲಿ ಹೇಳಿಲ್ಲ.